ಆರರಿಂದ ಗುಣಿಸಿದ ಫೀಸು

ಮೊನ್ನೆ ಮಿಕ್ಸಿಯ ಮೋಟಾರು ಸುಟ್ಟಿತ್ತು. ರಿಪೇರಿಗೆ ಕೊಟ್ಟಿದ್ದನ್ನು ತರಲು ಬೀದಿಯ ಕೊನೆಯ ಅಂಗಡಿಗೆ ಹೋದೆ. ಅಂಗಡಿಯವನು ಹೊಸದಾಗಿ ಸುತ್ತಿದ ಕಾಯಿಲ್‌ಗೆ ವಾರ್ನಿಷ್ ಹಚ್ಚಿ, ಉರಿಯುವ ಬಲ್ಬಿನ ಕೆಳಗೆ ಒಣಗಲು ಇಟ್ಟಿದ್ದ. "ಇನ್ನೊಂದ್ ಹತ್ತು ನಿಮಿಷ ಕೂತ್ಕೊಳಿ ಮೇಡಂ, ಒಣಗ್ಬಿಡತ್ತೆ" ಎಂದ. ನಾನು ಕೂರಲಿಲ್ಲ. ಹೊರಗೆ ಬಂದು ಚರಂಡಿಯ ಕಲ್ಲಿನ ಮೇಲೆ ನಿಂತೆ. ಸ್ವಲ್ಪ ಸ್ಪಿರಿಟ್ಟು, ಸ್ವಲ್ಪ ಸುಟ್ಟ ಬೆಲ್ಲ ಸೇರಿದಂತಿರುವ ಆ ವಾಸನೆ ನನ್ನ ಅಕ್ಕನ ಕೈಯದು. ಅದು ಮೂಗಿಗೆ ತಾಕಿದಾಗ ಮೊದಲು ನೆನಪಾಗುವುದು ಮಾತ್ರ ಅಕ್ಕನ ಮುಖವಲ್ಲ. ಎರಡು ಮಡಿಕೆಯ, ಹಳದಿಗೆ ತಿರುಗಿದ ಒಂದು ಫಾರಂ, ಅದರ ಐದನೇ ಕಾಲಂನಲ್ಲಿ ಗೆರೆ ಎಳೆದ ಒಂದು ಹೆಸರು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗಕ್ಕೆ ಸೇರಿ ನನಗೆ ಸರಿಯಾಗಿ ಒಂದು ವರ್ಷವಾಗಿತ್ತು. ಅಪ್ಪ ಅದೇ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದವರು. ನಾನು ಸೇರುವುದಕ್ಕೆ ಮೊದಲೇ ತೀರಿಕೊಂಡಿದ್ದರು. ಗಂಟೆಗೊಮ್ಮೆ ಲೇತಿನಿಂದ ಐದು ಶಾಫ್ಟುಗಳನ್ನು ತರಿಸಿಕೊಂಡು, ವ್ಯಾಸ ಅಳೆದು, ಸರಾಸರಿ ತೆಗೆದು, ಗ್ರಾಫಿನ ಮೇಲೆ ಒಂದು ಚುಕ್ಕೆ ಇಡುವುದು ನನ್ನ ಕೆಲಸ. ಚುಕ್ಕೆಗಳು ಎರಡು ಕೆಂಪು ಗೆರೆಗಳ ನಡುವೆ ಇರುವಷ್ಟು ದಿನ ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ. ಅದು ನನಗೆ ಹಿತವಾಗಿತ್ತು.

ಯುಗಾದಿ ಕಳೆದ ವಾರ ವೆಲ್‌ಫೇರ್ ಆಫೀಸರ್ ಅನಂತರಾಮಯ್ಯ ಹೇಳಿ ಕಳಿಸಿದರು. ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಂಡು, ಮಾತಿನ ನಡುವೆ ಕೈ ತಿರುಗಿಸಿ ಅದನ್ನು ನೋಡಿಕೊಳ್ಳುವ ಅಭ್ಯಾಸದವರು.

"ಏನಮ್ಮ, ನೀನು ಸ್ಟಾಟಿಸ್ಟಿಕ್ಸ್ ಓದಿರೋದಲ್ವಾ? ನಮ್ಮ ಡೈರೆಕ್ಟರ್ ಬೋರ್ಡಿನೋರು ಒಂದ್ ಪ್ರಶ್ನೆ ಕೇಳಿದ್ದಾರೆ. ನಂಗೆ ಅದರ ತಲೆಬುಡ ಗೊತ್ತಾಗ್ತಿಲ್ಲ."

ಪ್ರಶ್ನೆ ಇಷ್ಟು. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ದರ್ಜೆ ಪಡೆದ ಕಾರ್ಮಿಕರ ಮಕ್ಕಳಿಗೆ ಕಾರ್ಖಾನೆ ತಿಂಗಳಿಗೆ ನಲವತ್ತು ರೂಪಾಯಿಯಂತೆ, ಹೆಚ್ಚೆಂದರೆ ಐದು ವರ್ಷ, ವಿದ್ಯಾರ್ಥಿವೇತನ ಕೊಡುತ್ತಿತ್ತು. ಮನೆಗೆ ಒಬ್ಬರಿಗೆ ಮಾತ್ರ. ಶುರುವಾಗಿ ಸುಮಾರು ಹತ್ತು ವರ್ಷವಾಗಿತ್ತು.

"ಇಷ್ಟೂ ದುಡ್ಡು ಬ್ಯಾಂಕಲ್ಲಿ ಇಟ್ಟಿದ್ರೆ ನೂರಕ್ಕೆ ಹತ್ತು ಬಡ್ಡಿ ಬರ್ತಿತ್ತು. ಮಕ್ಕಳ ಮೇಲೆ ಹಾಕಿದ್ದಕ್ಕೆ ಅದಕ್ಕಿಂತ ಜಾಸ್ತಿ ಬಂತೋ ಕಮ್ಮಿ ಬಂತೋ? ಕಮ್ಮಿ ಅಂತಾದ್ರೆ ಈ ಜೂನಿಂದ ನಿಲ್ಲಿಸ್ತಾರಂತೆ."

"ಬರೋದು ಅಂದ್ರೆ ಕಾರ್ಖಾನೆಗಾ ಸಾರ್, ಮಕ್ಕಳಿಗಾ?"

"ಮಕ್ಕಳಿಗೆ. ಅವರ ಸಂಬಳದಲ್ಲಿ. ಎರಡು ಪುಟದಲ್ಲಿ ಉತ್ತರ ಬೇಕು. ಮೂರನೇ ಪುಟ ಅಲ್ಲಿ ಯಾರೂ ತಿರುವಲ್ಲ."

ಅವರ ಮೇಜಿನ ಮೂಲೆಯಲ್ಲಿ ಆ ವರ್ಷದ ಖಾಲಿ ಫಾರಂಗಳ ಕಟ್ಟು ಆಗಲೇ ಬಂದು ಕೂತಿತ್ತು. ಮೇ ತಿಂಗಳ ಫಲಿತಾಂಶಕ್ಕೆ ಕಾಯುತ್ತಿದ್ದ ಮಕ್ಕಳಿಗಾಗಿ. ನಾನೂ ಅದೇ ಹಣದಲ್ಲಿ ಓದಿದವಳೆಂದು ಅವರಿಗೆ ಹೇಳಿದೆ. "ಒಳ್ಳೇದಾಯ್ತಲ್ಲ, ಒಬ್ಬರನ್ನ ಹುಡುಕೋ ಕೆಲ್ಸ ಉಳೀತು" ಎಂದು ಗಡಿಯಾರ ನೋಡಿಕೊಂಡರು.

ಹಳೆಯ ಕಡತಗಳನ್ನು ನನ್ನ ಮೇಜಿಗೆ ತಂದು ಸುರಿದರು. ಕಾರ್ಖಾನೆಯಲ್ಲಿ ಇದ್ದ ಒಂದೇ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರು ಫೈನಾನ್ಸ್ ಮ್ಯಾನೇಜರ ಡ್ರಾಯರಿನಲ್ಲಿ ಬೀಗದೊಳಗಿತ್ತು. ನನಗೆ ಸಿಕ್ಕಿದ್ದು ಹಿಡಿ ತಿರುಗಿಸಿ ಗುಣಿಸುವ ಹಳೆಯ ಯಂತ್ರ. ಆ ಬೇಸಿಗೆ ವಾರಕ್ಕೆರಡು ದಿನ ಕರೆಂಟಿಲ್ಲ. ಯಂತ್ರಗಳೆಲ್ಲ ನಿಂತು ಶೆಡ್ಡು ಮೌನವಾದಾಗ ನನ್ನ ಹಿಡಿಯ ಕಟಕಟ ಸದ್ದು ಮಾತ್ರ ಕೇಳುತ್ತಿತ್ತು. ಕಿಟಕಿಯಾಚೆ ನೀಲಗಿರಿ ಮರಗಳ ಮೇಲೆ ಪೀಣ್ಯದ ಬಿಳಿ ಧೂಳು.

ಮೊದಲ ತೊಡಕು ಬೇಗ ಕಂಡಿತು. ಹಣ ಪಡೆದವರು ಈಗ ಎಷ್ಟು ದುಡಿಯುತ್ತಿದ್ದಾರೆ ಎಂದು ತಿಳಿದರೆ ಸಾಲದು. ಹಣ ಸಿಗದಿದ್ದರೆ ಎಷ್ಟು ದುಡಿಯುತ್ತಿದ್ದರು ಎಂದೂ ತಿಳಿಯಬೇಕು. ಅವರು ಹೇಗೂ ಜಾಣ ಮಕ್ಕಳು. ಯಾರೊಡನೆ ಹೋಲಿಸುವುದು? ಒಂದು ವಾರ ಇದೇ ಯೋಚನೆಯಲ್ಲಿದ್ದೆ. ಉತ್ತರ ಆ ಫಾರಂನೊಳಗೇ ಇತ್ತು.

ನಿಯಮದ ಪ್ರಕಾರ ಐದನೇ ಕಾಲಂನಲ್ಲಿ ಆ ವರ್ಷ ಅರ್ಹರಾದ ಮಕ್ಕಳೆಲ್ಲರ ಹೆಸರನ್ನೂ ಬರೆಯಬೇಕು. ಆಮೇಲೆ ಒಂದನ್ನು ಉಳಿಸಿ ಮಿಕ್ಕ ಹೆಸರಿಗೆ ಗೆರೆ ಎಳೆದು, ಗೆರೆಯ ಪಕ್ಕದಲ್ಲಿ ತಂದೆ ಸಹಿ ಹಾಕಬೇಕು. ಬಹಳಷ್ಟು ಫಾರಂಗಳಲ್ಲಿ ಇದ್ದದ್ದು ಒಂದೇ ಹೆಸರು. ಕೆಲವು ಮನೆಗಳಲ್ಲಿ ಮಾತ್ರ, ಅವಳಿಗಳೋ, ಒಂದು ವರ್ಷ ಹಿಂದೆ ಬಿದ್ದವರೋ, ಇಬ್ಬರು ಒಟ್ಟಿಗೆ ಪಾಸಾಗಿದ್ದರು. ಒಂದೇ ಮನೆ, ಒಂದೇ ಅನ್ನ, ಒಬ್ಬನೇ ಅಪ್ಪನ ಸಂಬಳ, ಇಬ್ಬರಿಗೂ ಮೊದಲ ದರ್ಜೆ. ಒಬ್ಬರಿಗೆ ಹಣ ಸಿಕ್ಕಿದೆ, ಒಬ್ಬರಿಗೆ ಇಲ್ಲ. ಪ್ರಯೋಗಶಾಲೆಯಲ್ಲಿ ಇಲಿಗಳನ್ನು ಕೂಡ ಇಷ್ಟು ಅಚ್ಚುಕಟ್ಟಾಗಿ ಜೋಡಿ ಮಾಡಲಾಗದು. ಗೆರೆ ಎಳೆದ ಹೆಸರು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಸಂತೋಷವಾದದ್ದು ನಿಜ.

ಅಪ್ಪನ ಕಡತವೂ ಆ ರಾಶಿಯಲ್ಲಿತ್ತು. ಟೋಕನ್ ನಂಬರಿನಿಂದ ಗುರುತಿಸಿದೆ. ಅದು ಅವರ ಊಟದ ಡಬ್ಬಿಯ ಮೇಲೂ ಕೊರೆದಿತ್ತು. ಒಂದೇ ಹೆಸರಿನ ಕಡತವೆಂದುಕೊಂಡು, ತೆರೆಯದೆ ಪಕ್ಕಕ್ಕಿಟ್ಟೆ. ಕೊನೆಗೆ, ಕೆಲಸವೆಲ್ಲ ಮುಗಿದ ಮೇಲೆ, ನನ್ನ ಹೆಸರನ್ನು ಅಪ್ಪನ ಅಕ್ಷರದಲ್ಲಿ ನೋಡುವ ಸಣ್ಣ ಆಸೆ.

ಜೋಡಿಗಳನ್ನು ಹುಡುಕಿಕೊಂಡು ಏಪ್ರಿಲ್ ಪೂರ್ತಿ ಅಲೆದೆ. ಹಣ ಪಡೆದವರ ವಿಳಾಸ ಸುಲಭವಾಗಿ ಸಿಗುತ್ತಿತ್ತು. ಗೆರೆ ಎಳೆಸಿಕೊಂಡವರನ್ನು ಹುಡುಕಲು ಬಸ್ಸು ಬದಲಿಸಬೇಕಾಗುತ್ತಿತ್ತು. ಒಬ್ಬಳು ವೈಟ್‌ಫೀಲ್ಡಿನ ಒಂದು ಬೇಕರಿಯಲ್ಲಿ ಬಿಲ್ಲು ಬರೆಯುತ್ತಿದ್ದಳು. "ಅಣ್ಣನ ಸಂಬಳ ಎಷ್ಟು ಅಂತ ನೀವು ನಂಗೆ ಹೇಳೋ ಹಾಗಿಲ್ಲ ಅಲ್ವಾ?" ಎಂದು ಕೇಳಿ, ನಾನು ತಲೆಯಾಡಿಸಿದಾಗ, "ಬೇಡ ಬಿಡಿ" ಎಂದಳು. ದೊಡ್ಡನೆಕ್ಕುಂದಿಯಲ್ಲಿ ಒಬ್ಬ ಸಿಕ್ಕಿದ. ಅವನ ಅಪ್ಪ ನಮ್ಮ ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿದ್ದವರು. ಅಣ್ಣನನ್ನು ಓದಿಸಿ ಇವನನ್ನು ಹೊಲಕ್ಕೆ ಕಳಿಸಿದ್ದರು. ಈಗ ಅದೇ ಹೊಲದ ಅಂಚಿನಲ್ಲಿ ಶೀಟು ಹೊದಿಸಿದ ಎಂಟು ರೂಮು ಕಟ್ಟಿ, ಹೊಸ ಕಾರ್ಖಾನೆಗಳ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದ.

"ಬರ್ಕಳಿ ಮೇಡಂ. ನಮ್ಮಣ್ಣ ಬೀಕಾಂ ಮಾಡಿ ಸೊಸೈಟೀಲಿ ಗುಮಾಸ್ತ. ಅವ್ನ ಸಂಬ್ಳಕ್ಕಿಂತ ನನ್ ಬಾಡ್ಗೇನೇ ಜಾಸ್ತಿ. ತಿಂಗ್ಳ ಕೊನೇಗೆ ಅವ್ನೇ ಬತ್ತಾನೆ ನನ್ ತಾವ, ಐವತ್ತು ಕೊಡೋ ಅಂತ."

ನಾನು ಬರೆದುಕೊಂಡೆ. ಅವನು ನನ್ನ ಹಾಳೆಯೊಳಗೆ ಇಣುಕಿದ.

"ಆದ್ರೂ ಮೇಡಂ, ಅವ್ನು ಬಂದ್ರೆ ಪಂಚಾಯ್ತಿ ಆಪೀಸ್ನಾಗೆ ಕುರ್ಚಿ ಆಕ್ತಾರೆ. ನನ್ನ ಇಂಗೇ ನಿಲ್ಸಿ ಮಾತಾಡ್ಸಿ ಕಳಿಸ್ತಾರೆ. ಆ ಕುರ್ಚೀನ ಯಾವ ಕಾಲಮ್ನಾಗೆ ಬರ್ಕಂತೀರಾ?"

ಹಾಳೆ ಮಡಿಸಿ ಚೀಲದಲ್ಲಿಟ್ಟುಕೊಂಡೆ.

ಹದಿನಾರು ಜೋಡಿಗಳು ಸಿಕ್ಕವು. ಕೊಟ್ಟ ಹಣ, ಓದುವ ವರ್ಷಗಳಲ್ಲಿ ಕಳೆದುಕೊಂಡ ದುಡಿಮೆ, ಈಗಿನ ಸಂಬಳದ ಅಂತರ, ನಿವೃತ್ತಿಯವರೆಗೆ ಅದೇ ಅಂತರ ಉಳಿದರೆ ಸೇರುವ ಮೊತ್ತ, ಎಲ್ಲವನ್ನೂ ಇಂದಿನ ಬೆಲೆಗೆ ತಂದು ಮೂರು ದಿನ ಹಿಡಿ ತಿರುಗಿಸಿದೆ. ಉತ್ತರ ನೂರಕ್ಕೆ ಹತ್ತಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಂತಿತು. ಮತ್ತೆ ತಿರುಗಿಸಿದೆ, ಅಲ್ಲೇ ನಿಂತಿತು. ದೊಡ್ಡನೆಕ್ಕುಂದಿಯ ಎಂಟು ರೂಮುಗಳು ಸರಾಸರಿಯನ್ನು ಕೆಳಗೆ ಎಳೆದಿದ್ದವು. ಹಾಗೆಂದು ಅವನನ್ನು ಬಿಡುವಂತಿಲ್ಲ. ಬೇಡದ ಉತ್ತರ ಕೊಟ್ಟವರನ್ನೆಲ್ಲ ಬಿಡುತ್ತಾ ಹೋದರೆ ಅದು ಲೆಕ್ಕವಲ್ಲ. ಅಂದರೆ ಜೂನಿನಿಂದ ಹಣ ನಿಲ್ಲುತ್ತದೆ. ಆ ಖಾಲಿ ಫಾರಂಗಳ ಕಟ್ಟು ಹಾಗೇ ಗೋಡೌನಿಗೆ ಹೋಗುತ್ತದೆ.

ಆ ಮಧ್ಯಾಹ್ನ, ಬೇಸರ ಕಳೆಯಲೆಂದು, ಅಪ್ಪನ ಕಡತವನ್ನು ತೆರೆದೆ.

ಐದನೇ ಕಾಲಂನಲ್ಲಿ ಎರಡು ಹೆಸರಿದ್ದವು. ಒಂದು, ಸರೋಜ. ಎರಡು, ಸುಮಿತ್ರ. ಸರೋಜ ಎಂಬುದರ ಮೇಲೆ ಅಡಿಪಟ್ಟಿ ಇಟ್ಟು ಎಳೆದ ನೇರ ಗೆರೆ, ಪಕ್ಕದಲ್ಲಿ ಅಪ್ಪನ ಸಹಿ.

ಸುಮಿತ್ರ ನಾನು. ಸರೋಜ ನನ್ನ ಅಕ್ಕ. ಜಾಂಡೀಸ್ ಆಗಿ ಅವಳು ಒಂದು ವರ್ಷ ಕಳೆದುಕೊಂಡಿದ್ದರಿಂದ ನಾವಿಬ್ಬರೂ ಒಂದೇ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿಗೆ ಕೂತಿದ್ದೆವು. ಅವಳಿಗೆ ನನಗಿಂತ ಹನ್ನೊಂದು ಅಂಕ ಹೆಚ್ಚು. ಆದರೆ ಆ ಬೇಸಿಗೆಯಲ್ಲಿ ಮನೆಯಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: ಸರೋಜಂಗೆ ಓದು ಬೇಡವಂತೆ. ಅಮ್ಮ ನೆರೆಯವರಿಗೂ ಹಾಗೆಯೇ ಹೇಳಿದಳು. ನಾನೂ ಅದನ್ನೇ ನಂಬಿದ್ದೆ. ಅವಳ ಹೆಸರು ಯಾವುದೋ ಕಾಗದದ ಮೇಲೆ, ನನ್ನ ಹೆಸರಿಗಿಂತ ಮೇಲೆ, ಒಂದು ಹೊತ್ತಾದರೂ ಇತ್ತು ಎಂಬುದು ನನಗೆ ಗೊತ್ತೇ ಇರಲಿಲ್ಲ. ನಾನು ಎಂಟು ವರ್ಷ ಆ ಹಣವನ್ನು ನನಗೆ ಸಿಕ್ಕ ಬಹುಮಾನವೆಂದು ತಿಳಿದಿದ್ದೆ.

ಫಾರಂ ತುಂಬಿದ್ದು ಅಪ್ಪನ ಅಕ್ಷರವಲ್ಲ. ಏಳರ ಹೊಟ್ಟೆಗೆ ಅಡ್ಡಗೆರೆ ಹಾಕುವವಳು ನಮ್ಮ ಮನೆಯಲ್ಲಿ ಒಬ್ಬಳೇ, ಅಕ್ಕ. ಗುಂಡುಸೂಜಿ ಚುಚ್ಚಿದ್ದ ಅರ್ಧ ಹಾಳೆಯ ಲೆಕ್ಕವೂ ಅವಳದೇ. ಒಂಬತ್ತನೇ ಕಾಲಂ ಓದಿನ ಒಟ್ಟು ಖರ್ಚನ್ನು ಕೇಳುತ್ತಿತ್ತು, ಅದಕ್ಕಾಗಿ ಮಾಡಿದ್ದು. ಎಡಕ್ಕೆ ಸರೋಜ, ಪಾಲಿಟೆಕ್ನಿಕ್, ಮೂರು ವರ್ಷ. ಬಲಕ್ಕೆ ಸುಮಿತ್ರ, ಕಾಲೇಜು, ಐದು ವರ್ಷ. ಫೀಸು, ಬಸ್ಸು, ಪುಸ್ತಕ ಎಲ್ಲ ಕೂಡಿ, ವಿದ್ಯಾರ್ಥಿವೇತನ ಕಳೆದು, ಮನೆಯಿಂದ ಹಾಕಬೇಕಾದದ್ದು ಎಷ್ಟು ಎಂದು ಕೊನೆಯ ಸಾಲು. ಸರೋಜ: ಏಳುನೂರ ಇಪ್ಪತ್ತು. ಸುಮಿತ್ರ: ಐನೂರು. ಐನೂರರ ಸುತ್ತ ಒಂದು ಸೊನ್ನೆ ಬರೆದಿತ್ತು.

ನನ್ನ ಕಣ್ಣು ಅಭ್ಯಾಸದಂತೆ ಮೇಲಿನಿಂದ ಕೆಳಗೆ ಒಂದು ಸಲ ಇಳಿಯಿತು. ಎಡಗಡೆಯ ಮೊದಲ ಸಾಲಿನಲ್ಲಿ ನಿಂತಿತು. ಪಾಲಿಟೆಕ್ನಿಕ್ ಫೀಸು ಇನ್ನೂರ ಹತ್ತು, ಇಂಟು ಆರು, ಸಾವಿರದ ಇನ್ನೂರ ಅರವತ್ತು. ಆರು ಏಕೆ? ಓದು ಮೂರು ವರ್ಷ. ಇನ್ನೂರ ಹತ್ತು ಇಡೀ ವರ್ಷದ ಫೀಸು. ನಮ್ಮ ವಿಭಾಗದ ಡಿಪ್ಲೊಮಾ ಹುಡುಗರೆಲ್ಲ ಅಷ್ಟೇ ಕಟ್ಟಿದವರು. ಮೂರರಿಂದ ಗುಣಿಸಿದರೆ ಆರುನೂರ ಮೂವತ್ತು. ಹಾಗೆ ಬರೆದಿದ್ದರೆ ಕೊನೆಯ ಸಾಲು ಏಳುನೂರ ಇಪ್ಪತ್ತಲ್ಲ, ತೊಂಬತ್ತು. ಮೂರು ವರ್ಷಕ್ಕೆ ಸೇರಿ ಮನೆಯಿಂದ ತೊಂಬತ್ತು ರೂಪಾಯಿ.

ಲೆಕ್ಕಯಂತ್ರದ ಹಿಡಿ ನನ್ನ ಕೈಯಲ್ಲೇ ಇತ್ತು. ಶೆಡ್ಡಿನಲ್ಲಿ ಲೇತುಗಳು ಓಡುತ್ತಿದ್ದವು, ಆದರೆ ನನಗೆ ಏನೂ ಕೇಳಿಸಲಿಲ್ಲ. ಯಾರೋ ಐದು ಶಾಫ್ಟುಗಳನ್ನು ತಂದು ಮೇಜಿನ ಮೇಲಿಟ್ಟು ಹೋದರು. ಬಹಳ ಹೊತ್ತಿನ ಮೇಲೆ ಅವನ್ನು ಮುಟ್ಟಿದಾಗ ಲೇತಿನ ಬಿಸಿ ಆರಿ ತಣ್ಣಗಾಗಿದ್ದವು.

ಅಕ್ಕ ಗುಣಾಕಾರ ತಪ್ಪುವವಳಲ್ಲ. ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು ಪಡೆದವಳು. ಹಾಗಾದರೆ ಬೇಕೆಂದೇ ತಪ್ಪು ಬರೆದಿದ್ದಾಳೆ, ನನ್ನನ್ನು ಓದಿಸಲೆಂದು. ಈ ತೀರ್ಮಾನಕ್ಕೆ ಬರಲು ನನಗೆ ಐದು ನಿಮಿಷವೂ ಬೇಕಾಗಲಿಲ್ಲ. ಅತ್ತೆನೆಂದು ಹೇಳಲಾರೆ. ಮುಂದಿನ ಎರಡು ದಿನ ಶಾಫ್ಟುಗಳ ವ್ಯಾಸವನ್ನು ತಪ್ಪು ತಪ್ಪಾಗಿ ಬರೆದೆ. ಚುಕ್ಕೆಗಳು ಕೆಂಪು ಗೆರೆ ದಾಟಿದವು. ಫೋರ್‌ಮನ್ ಬಂದು ಲೇತು ನಿಲ್ಲಿಸಿ ಪರೀಕ್ಷೆ ಮಾಡಿಸಿ, ಲೇತು ಸರಿಯಾಗಿದೆ ಎಂದು ನನ್ನ ಮುಖ ನೋಡಿದ.

ಮೂರನೇ ದಿನ ಕರೆಂಟಿರಲಿಲ್ಲ. ಊಟದ ಹೊತ್ತಿಗೆ ಫಾರಂ ಚೀಲದಲ್ಲಿಟ್ಟುಕೊಂಡು ರಾಜಗೋಪಾಲನಗರಕ್ಕೆ ನಡೆದೆ. ಅಕ್ಕ ಅಲ್ಲಿ ಒಂದು ಶೆಡ್ಡಿನಲ್ಲಿ ಟ್ರಾನ್ಸ್‌ಫಾರ್ಮರಿನ ಕಾಯಿಲ್ ಸುತ್ತುತ್ತಿದ್ದಳು. ಭಾವ ಪಕ್ಕದ ಬೀದಿಯಲ್ಲಿ ಫಿಟ್ಟರ್. ಶೆಡ್ಡಿನಲ್ಲಿ ಸಾಲಾಗಿ ನಾಲ್ವರು ಹೆಂಗಸರು, ಒಬ್ಬೊಬ್ಬರ ಮುಂದೆ ಕೈಯಿಂದ ತಿರುಗಿಸುವ ಒಂದೊಂದು ಯಂತ್ರ. ಪಕ್ಕದಲ್ಲಿ ಸುತ್ತು ಎಣಿಸುವ ಸಣ್ಣ ಮೀಟರು. ಕರೆಂಟು ಹೋದರೂ ಅವರ ಕೆಲಸ ನಿಲ್ಲುತ್ತಿರಲಿಲ್ಲ. ಗಾಳಿಯಿಲ್ಲದ ಆ ಶೆಡ್ಡಿನಲ್ಲಿ ವಾರ್ನಿಷ್ ವಾಸನೆ ಗಂಟಲಿಗೆ ಇಳಿಯುತ್ತಿತ್ತು.

ಅಕ್ಕ ನನ್ನನ್ನು ನೋಡಿ ಎಡಗೈಯ ಒಂದು ಬೆರಳೆತ್ತಿದಳು, ತಡಿ ಎಂದು. ಮೀಟರು ನೋಡದೆಯೇ ಹಿಡಿ ನಿಲ್ಲಿಸಿ, ತಂತಿ ಕತ್ತರಿಸಿದಳು.

"ಏನೇ ಸುಮಿ, ಕೆಲ್ಸದ್ ಹೊತ್ತಲ್ಲಿ ಬಂದ್ಬಿಟ್ಟಿದ್ದೀಯ? ಅಮ್ಮ ಚೆನ್ನಾಗಿದ್ದಾಳೆ ತಾನೇ?"

"ಚೆನ್ನಾಗಿದ್ದಾಳೆ."

ಪಕ್ಕದ ಯಂತ್ರದ ಹೆಂಗಸು, "ಇವ್ಳೇನಾ ನಿಮ್ ಎಮ್ಮೆಸ್ಸಿ?" ಎಂದಳು. "ಹೂಂ, ಇವಳೇ. ನೋಡ್ಕೋ, ಟಿಕೆಟ್ಟಿಲ್ಲ" ಎಂದಳು ಅಕ್ಕ. ಎಲ್ಲರೂ ನಕ್ಕರು.

ನಾನು ಫಾರಂ ತೆಗೆದು ಅವಳ ಮೊಣಕಾಲಿನ ಮೇಲಿಟ್ಟೆ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಅದನ್ನು ಬಿಚ್ಚಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಅರ್ಧ ಹಾಳೆಯ ಲೆಕ್ಕವನ್ನು ಮಾತ್ರ ಬಹಳ ಹೊತ್ತು ನೋಡಿದಳು.

"ಇದು ಇನ್ನೂ ಇದ್ಯಾ" ಎಂದಳು.

"ಯಾಕಕ್ಕಾ ಹಾಗ್ ಮಾಡ್ದೆ? ನಂಗೋಸ್ಕರ ಲೆಕ್ಕ ತಿರುಚೋ ಅಂಥಾದ್ದು ಏನಿತ್ತು? ನಾನ್ ಕೇಳಿದ್ನಾ?"

ಅವಳು ನನ್ನನ್ನು ದಿಟ್ಟಿಸಿದಳು. ಆಮೇಲೆ ನಿಧಾನವಾಗಿ ಅವಳ ಮುಖದ ಮೇಲೆ, ಚಿಕ್ಕಂದಿನಲ್ಲಿ ನಾನು ಮಗ್ಗಿ ತಪ್ಪಿದಾಗ ಬರುತ್ತಿದ್ದ ಅದೇ ನಗು ಬಂತು.

"ತಿರುಚಿದ್ನಾ? ಯಾರ್ ಹೇಳಿದ್ದು ನಿಂಗೆ?"

"ಇಂಟು ಆರು ಅಂತ ಬರೆದಿದ್ದೀಯ. ನೀನು ತಪ್ಪೋಳಲ್ಲ."

"ತಪ್ಪಿದೆ ಕಣೇ. ನಿಜವಾಗ್ಲೂ ತಪ್ಪಿದೆ."

ಅವಳು ಹೊಸ ಬಾಬಿನ್ನು ಸಿಕ್ಕಿಸಿ, ತಂತಿಯ ತುದಿ ಹುಡುಕುತ್ತಾ ಹೇಳಿದಳು.

"ನಮ್ ಕಾರ್ಖಾನೆ ಸ್ಕೂಲಲ್ಲಿ ಫೀಸು ಹೆಂಗ್ ಹಿಡೀತಿದ್ರು? ಅಪ್ಪನ ಸಂಬಳದಲ್ಲಿ, ಆರ್ ತಿಂಗಳಿಗೊಂದ್ ಸಲ. ಫೀಸು ಅಂದ್ರೆ ಆರ್ ತಿಂಗಳಿಗೆ ಅಂತ್ಲೇ ನಂಗ್ ಗೊತ್ತಿದ್ದಿದ್ದು. ಆ ಪಾಲಿಟೆಕ್ನಿಕ್ ಪುಸ್ತಕದಲ್ಲಿ ಇನ್ನೂರ ಹತ್ತು ಅಂತ ಬರೀ ನಂಬರ್ ಹಾಕಿದ್ರು. ಮೂರ್ ವರ್ಷಕ್ಕೆ ಆರು ಸಲ. ನಿನ್ ಕಾಲೇಜಿಂದು ಪಕ್ಕದ್ಮನೆ ಲಲಿತ ಕಟ್ಟಿದ್ದ ರಸೀದಿ ನೋಡಿ ಬರೆದಿದ್ದು, ಅದು ಸರಿ ಇತ್ತು."

"ಅಪ್ಪ ನೋಡ್ಲಿಲ್ವಾ?"

"ಅಪ್ಪನೇ ಹೇಳಿದ್ದು, ಇಬ್ಬರನ್ನೂ ಓದ್ಸೋಕೆ ಆಗಲ್ಲ, ಯಾರ್ದು ಮನೆಗೆ ಕಮ್ಮಿ ಬೀಳತ್ತೋ ಅವರ ಹೆಸರಿಡು, ಲೆಕ್ಕ ನೀನೇ ಹಾಕು ಅಂತ. ನಾನ್ ಹಾಕಿದ್ ಲೆಕ್ಕಾನ ಅವರು ಯಾವತ್ತು ತಿರುಗಿ ನೋಡಿದ್ರು? ಗೆರೆ ತೋರಿಸ್ದೆ, ಸೈನ್ ಹಾಕಿದ್ರು."

ಒಂದು ವಾರ ಕಳೆದ ಮೇಲೆ, ಹಿಂದಿನ ಬೀದಿಯ ಹುಡುಗನೊಬ್ಬ ಪಾಲಿಟೆಕ್ನಿಕ್ಕಿಗೆ ಹಣ ಕಟ್ಟಿ ಬಂದು ರಸೀದಿ ತೋರಿಸಿದನಂತೆ. ಅದರ ಮೇಲೆ ಇಡೀ ವರ್ಷಕ್ಕೆ ಎಂದಿತ್ತು. ಅಕ್ಕ ಅದೇ ದಿನ ಒಬ್ಬಳೇ ಕಾರ್ಖಾನೆಯ ಗೇಟಿಗೆ ಹೋದಳು. ಪಟ್ಟಿ ಟೈಪಾಗಿ ಮೇಲೆ ಹೋಗಿದೆ, ಇನ್ನು ಹೆಸರು ಬದಲಿಸುವಂತಿಲ್ಲ ಎಂದು ಅಲ್ಲಿನ ಗುಮಾಸ್ತ ಹೇಳಿದ. ಮನೆಗೆ ಬಂದು, ನಂಗೆ ಓದು ಬೇಡ ಎಂದಳು.

"ಅಪ್ಪಂಗೆ ಹೇಳ್ಬೋದಿತ್ತಲ್ಲ ಅಕ್ಕ."

"ಏನಂತ? ತೊಂಬತ್ತೆಂಟು ತಗೊಂಡೋಳು ಇಂಟು ಮೂರು ಮಾಡೋ ಕಡೆ ಇಂಟು ಆರು ಮಾಡ್ದೆ ಅಂತಾನಾ? ನಾಚಿಕೆ ಆಯ್ತು. ನೀನು ಅಷ್ಟೊತ್ತಿಗಾಗ್ಲೇ ಬೀದಿಗೆಲ್ಲ ಹೇಳ್ಕೊಂಡ್ ಬಂದಿದ್ದೆ." ಹಿಡಿ ತಿರುಗಿಸತೊಡಗಿದಳು. "ತ್ಯಾಗ ಗೀಗ ಅಂತೆಲ್ಲ ತಲೇಗ್ ಹಾಕ್ಕೋಬೇಡ. ಗೊತ್ತಾಗಿದ್ರೆ ನಿನ್ ಹೆಸರಿಗೇ ಗೆರೆ ಹಾಕ್ತಿದ್ದೆ."

ತ್ಯಾಗವಾಗಿದ್ದರೆ ನಾನು ಏನು ಮಾಡಬೇಕೆಂದು ಎರಡು ದಿನ ಕೂತು ಯೋಚಿಸಿದ್ದೆ. ಋಣ ತೀರಿಸುವ ದಾರಿಗಳನ್ನೂ ಹುಡುಕಿದ್ದೆ. ತಪ್ಪಾಗಿದ್ದರೆ ಏನು ಮಾಡಬೇಕೆಂದು ನನ್ನ ಬಳಿ ಏನೂ ಇರಲಿಲ್ಲ. ನನ್ನ ಡಿಗ್ರಿ, ನನ್ನ ಮೇಜು, ನಾನು ನಂಬಿದ್ದ ನನ್ನ ಅರ್ಹತೆ ಎಲ್ಲ ಒಂದು ಆರರ ಮೇಲೆ ನಿಂತಿದ್ದವು. ಅದನ್ನು ಯಾರೂ ಬೇಕೆಂದು ಬರೆದಿರಲಿಲ್ಲ. ಶೆಡ್ಡಿನ ಗೋಡೆಗೆ ಒರಗಿಕೊಂಡೆ. ತಗಡು ಬಿಸಿಲಿಗೆ ಕಾದು ಬೆನ್ನು ಸುಡುತ್ತಿತ್ತು. ಸರಿಯಲು ತೋಚಲಿಲ್ಲ.

"ಈಗ ಇದ್ಯಾಕೆ ತೆಗ್ದೆ?" ಎಂದಳು ಆ ಕಾಯಿಲ್ ಮುಗಿಸಿ.

ಬೋರ್ಡಿನ ಪ್ರಶ್ನೆಯನ್ನು ಹೇಳಿದೆ. ಹದಿನಾರು ಜೋಡಿಗಳು, ನೂರಕ್ಕೆ ಹತ್ತು, ಕೂದಲೆಳೆ ಕೆಳಗೆ. ನಾವಿಬ್ಬರು ಹದಿನೇಳನೆಯ ಜೋಡಿಯೆಂದೂ, ಲೆಕ್ಕ ಮಾಡುವವಳು ತನ್ನನ್ನೇ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ಸರಿಯಲ್ಲವೆಂದೂ ಹೇಳಿದೆ.

"ನಿಂಗೆ ಸಂಬಳ ಎಷ್ಟೀಗ?"

"ಎಂಟುನೂರ ಐವತ್ತು. ವರ್ಷ ಆಯ್ತು."

"ನಂಗೆ ಪೀಸ್ ಲೆಕ್ಕ. ಈಗ ಮುನ್ನೂರ ಹತ್ತು ಬೀಳತ್ತೆ. ಏಳ್ ವರ್ಷದ್ದು ಒಟ್ಟು ಹದಿನೆಂಟು ಸಾವಿರದ ಮುನ್ನೂರು ದುಡಿದಿದ್ದೀನಿ." ಅವಳು ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ನಾನು ಪೆನ್ನು ತೆಗೆಯುವಷ್ಟರಲ್ಲಿ, "ಇವತ್ತಿನ ತನಕ ನಾನೇ ಮುಂದಿದ್ದೀನಿ. ನೀನು ನನ್ನ ದಾಟೋಕೆ ಇನ್ನು ಹದಿನೈದು ತಿಂಗಳು ಬೇಕು. ಬರೋ ವರ್ಷದ ಆಷಾಢ. ನಿನ್ ಫೀಸು ಗೀಸು ಬಿಟ್ಟು" ಎಂದಳು.

ಪಕ್ಕದ ಹೆಂಗಸು, "ಆಮೇಲೆ?" ಎಂದು ಕೇಳಿದಳು.

"ಆಮೇಲೆ ಇನ್ನೇನು, ದಾಟ್ದೋಳು ದಾಟ್ಕೊಂಡೇ ಹೋಗ್ತಾಳೆ."

ನಾನು ಬರೆದುಕೊಳ್ಳದೆ ನಿಂತಿದ್ದನ್ನು ನೋಡಿ, "ಹಾಕೇ ನಮ್ಮದನ್ನೂ" ಎಂದಳು. "ಬಿಟ್ರೆ ಇನ್ನೊಂದ್ ಸಲ ಲೆಕ್ಕ ತಪ್ಪತ್ತೆ."

ಮರುದಿನ ಯಂತ್ರದಲ್ಲಿ ತಿರುಗಿಸಿ ನೋಡಿದೆ. ಸರಿಯಾಗಿ ಹದಿನೈದು ತಿಂಗಳು. ಒಂದು ದಿನವೂ ಹೆಚ್ಚುಕಡಿಮೆ ಇಲ್ಲ. ನನಗೆ ಒಂದು ಕಾಗದ, ಒಂದು ಯಂತ್ರ, ಅರ್ಧ ಗಂಟೆ ಬೇಕಾಗಿತ್ತು.

ಹದಿನೇಳನೆಯ ಜೋಡಿ ಸೇರಿದಾಗ ಉತ್ತರ ಹತ್ತನ್ನು ದಾಟಿತು, ಕೂದಲೆಳೆಯಷ್ಟೇ. ಅನಂತರಾಮಯ್ಯ ಎರಡು ಪುಟಗಳನ್ನೂ ನಿಂತುಕೊಂಡೇ ಓದಿದರು.

"ಬ್ಯಾಂಕಿಗಿಂತ ಜಾಸ್ತಿ. ಬದುಕಿಕೊಂಡ್ವಿ ಬಿಡು." ಆಮೇಲೆ ಪಟ್ಟಿಯ ಕೊನೆಗೆ ಬೆರಳಿಟ್ಟರು. "ಈ ಹದಿನೇಳನೇದು ಏನಮ್ಮ, ಅಂತರ ಇಷ್ಟೊಂದು? ಆ ಬಿಟ್ಟ ಹುಡುಗಿ ಓದಿನಲ್ಲಿ ಹಿಂದಿದ್ಲೇನೋ."

"ಇಲ್ಲ ಸಾರ್. ಹನ್ನೊಂದು ಮಾರ್ಕು ಮುಂದಿದ್ಲು."

"ನಿಂಗ್ ಹೇಗ್ ಗೊತ್ತು?"

"ನಮ್ಮಕ್ಕ ಸಾರ್."

ಅವರು ಮಣಿಕಟ್ಟು ತಿರುಗಿಸಿದರು, ಆದರೆ ಗಡಿಯಾರ ನೋಡಲಿಲ್ಲ. "ಬೇಡ ಅನ್ಸಿದ್ರೆ ತೆಗೆದ್ಬಿಡು" ಎಂದರು.

"ತೆಗೆದ್ರೆ ಬ್ಯಾಂಕಿಗಿಂತ ಕಮ್ಮಿ ಆಗತ್ತೆ ಸಾರ್."

ಅವರು ಕುಳಿತುಕೊಂಡು ಸಹಿ ಹಾಕಿದರು. ನಾನು ಮೂರನೇ ಪುಟವೊಂದನ್ನು ಟೈಪು ಮಾಡಿಸಿ ಸೇರಿಸಿದ್ದೆ. ಹದಿನೇಳನೆಯ ಜೋಡಿಯಲ್ಲಿ ಹಣ ಪಡೆದವಳು ಈ ವರದಿಯನ್ನು ಬರೆದವಳೇ ಎಂದು ಒಂದು ವಾಕ್ಯ. ಆ ಜೋಡಿಯಲ್ಲಿ ಹೆಸರಿಗೆ ಗೆರೆ ಬಿದ್ದವರೇ ಹೆಚ್ಚು ಸಮರ್ಥರಾಗಿದ್ದರಿಂದ, ಇಲ್ಲಿ ತೋರಿಸಿದ ಅಂತರ ನಿಜವಾದದ್ದಕ್ಕಿಂತ ಕಡಿಮೆ ಎಂದು ಇನ್ನೊಂದು. ವರದಿ ಬೋರ್ಡಿನಿಂದ ವಾಪಸು ಬಂದಾಗ ಎರಡನೇ ಪುಟದಲ್ಲಿ ಕೆಂಪು ಶಾಯಿಯ ಗುರುತುಗಳಿದ್ದವು. ಮೂರನೆಯದರ ಮಡಿಕೆ ಕೂಡ ಬಿಚ್ಚಿರಲಿಲ್ಲ.

ಜೂನಿನ ಮೊದಲ ಮಳೆಗೆ ರಾಜಗೋಪಾಲನಗರದ ಬೀದಿ ಕೆಸರಾಗಿತ್ತು. ಕೊಡೆ ಮಡಿಸಿ ಶೆಡ್ಡಿನ ಬಾಗಿಲಲ್ಲಿ ನಿಂತು, ಹಣ ನಿಲ್ಲುವುದಿಲ್ಲವಂತೆ, ಈ ವರ್ಷವೂ ಕೊಡುತ್ತಾರಂತೆ ಎಂದೆ.

"ಮನೆಗೆ ಒಬ್ಬರಿಗೇನಾ?"

"ಹೂಂ. ಅದನ್ನ ಬದಲಾಯಿಸಲ್ವಂತೆ."

ಅಕ್ಕ ಮೀಟರನ್ನು ಸೊನ್ನೆಗೆ ತಂದಳು. "ಹಂಗಾದ್ರೆ ಆ ಒಂಬತ್ತನೇ ಕಾಲಮಲ್ಲಿ ಬರೆಸು. ಫೀಸು ವರ್ಷಕ್ಕೋ ಆರ್ ತಿಂಗಳಿಗೋ ಅಂತ."

ನಾನು ಬರೆಸಿದೆ. ಅನಂತರಾಮಯ್ಯ, "ಇಷ್ಟೇನಾ?" ಎಂದು ಒಪ್ಪಿದರು. ಆ ವರ್ಷದ ಫಾರಂಗಳು ಆಗಲೇ ಅಚ್ಚಾಗಿದ್ದರಿಂದ ಒಂದು ರಬ್ಬರ್ ಸ್ಟಾಂಪು ಮಾಡಿಸಿಕೊಟ್ಟರು. ಒಂದು ಮಧ್ಯಾಹ್ನ ಕೂತು ಇಡೀ ಕಟ್ಟಿನ ಒಂಬತ್ತನೇ ಕಾಲಂನಲ್ಲಿ, ಫೀಸು ಎಂಬುದರ ಪಕ್ಕದಲ್ಲಿ, 'ಇಡೀ ವರ್ಷಕ್ಕೆ' ಎಂದು ನಾನೇ ಒತ್ತಿದೆ. ಒಂದು ಫಾರಂ ಹೆಚ್ಚಾಗಿ ಉಳಿಯಿತು. ಅದನ್ನು ಅಕ್ಕನಿಗೆ ತೋರಿಸಲು ಒಯ್ದೆ.

ಅವಳು ಕೈ ಒರೆಸಿಕೊಳ್ಳುವುದನ್ನು ಮರೆತು ಅದನ್ನು ಹಿಡಿದಳು. ಮೂಲೆಯಲ್ಲಿ ಹೆಬ್ಬೆರಳಿನ ಕಂದು ಗುರುತು ಮೂಡಿತು. ಸ್ಟಾಂಪಿನ ಅಕ್ಷರ ಓದಿದಳು. ತುಟಿ ಸ್ವಲ್ಪ ಅಲುಗಿತು.

"ಇಂಟು ಮೂರು, ಆರುನೂರ ಮೂವತ್ತು" ಎಂದಳು. ಫಾರಂ ನನಗೆ ಕೊಟ್ಟು, ಹಿಡಿ ತಿರುಗಿಸತೊಡಗಿದಳು.